ಬೆನ್ನುನೋವು: ಭಾರದ ಲೆಕ್ಕ, ದೂರದ ಲೆಕ್ಕ

ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸಿದವನು ನಾನು. ಸನ್ನೆಯ ತತ್ತ್ವವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಆ ತತ್ತ್ವ ನನ್ನ ಬೆನ್ನಿಗೂ ಅನ್ವಯಿಸುತ್ತದೆ ಎಂಬುದು ಅರಿವಿಗೆ ಬಂದದ್ದು ನಿವೃತ್ತಿಯ ನಂತರ, ದಾಸೋಹದ ಅಡುಗೆಮನೆಯಲ್ಲಿ. ಅಂದು ಬೆಳಿಗ್ಗೆ 25 ಕೆ.ಜಿ.ಯ ನಾಲ್ಕು ಅಕ್ಕಿ ಚೀಲಗಳನ್ನು ಒಂದೊಂದಾಗಿ ಎದೆಗೆ ಅವುಚಿಕೊಂಡು ಉಗ್ರಾಣದಿಂದ ತಂದಿದ್ದೆ, ಏನೂ ಆಗಲಿಲ್ಲ. ಮಧ್ಯಾಹ್ನ ಒಲೆಕಟ್ಟೆಯ ಆಚೆ ಬದಿಯಲ್ಲಿದ್ದ ಸಾರಿನ ಬೋಗುಣಿಯನ್ನು ತೆಗೆದುಕೊಳ್ಳಲು ಬಾಗಿ, ಎರಡೂ ಕೈಗಳನ್ನು ಚಾಚಿದೆ. ಏಳೆಂಟು ಕೆ.ಜಿ. ಇದ್ದಿರಬಹುದು. ಸೊಂಟದಲ್ಲಿ ಚಳುಕು ಹೊಡೆದಂತಾಗಿ ಅಲ್ಲಿಯೇ ಗೋಡೆ ಹಿಡಿದು ನಿಂತುಬಿಟ್ಟೆ. ಮುಂದಿನ ಮೂರು ವಾರ ಪಾದರಕ್ಷೆಯನ್ನು ಹಾಕಿಕೊಳ್ಳಲೂ ಮತ್ತೊಬ್ಬರ ನೆರವು ಬೇಕಾಯಿತು.

"ಮೂಟೆ ಹೊತ್ತಾಗ ಏನೂ ಆಗಲಿಲ್ಲ, ಬೋಗುಣಿ ಎತ್ತಿದರೆ ಬೆನ್ನು ಹಿಡಿಯಿತೇ?" ಎಂದು ನೋಡಲು ಬಂದವರೆಲ್ಲ ಅಚ್ಚರಿಪಟ್ಟರು. ಭೌತಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ನಾವು ಭಾರವನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಬೆನ್ನಾದರೋ ಭಾರದ ಜೊತೆಗೆ ದೂರವನ್ನೂ ಲೆಕ್ಕ ಹಾಕುತ್ತದೆ. ಈ ಎರಡನೆಯ ಲೆಕ್ಕವನ್ನು ಭಕ್ತರೆಲ್ಲರೂ, ವಿಶೇಷವಾಗಿ ಮನೆಯಲ್ಲಿ, ಹೊಲದಲ್ಲಿ ಮತ್ತು ದಾಸೋಹದಲ್ಲಿ ಮೈಮುರಿದು ದುಡಿಯುವವರು, ತಿಳಿದಿರುವುದು ಒಳಿತು.

ಬಲ ಬೇರೆ, ತಿರುಗುಬಲ ಬೇರೆ

ಒಂದು ವಸ್ತುವನ್ನು ತಳ್ಳುವ ಅಥವಾ ಎಳೆಯುವ ಶಕ್ತಿಗೆ ಬಲವೆಂದು ಹೆಸರು. ಅದನ್ನು ಅಳೆಯುವ ಮಾನ ನ್ಯೂಟನ್. ಒಂದು ಕಿಲೋಗ್ರಾಂ ತೂಕದ ವಸ್ತುವನ್ನು ಭೂಮಿಯು ಸುಮಾರು 10 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ ಎಂದು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕಗಳು ಸುಲಭವಾಗುತ್ತವೆ.

ಈಗ ಮನೆಯ ಬಾಗಿಲನ್ನು ನೋಡಿ. ಹಿಡಿಕೆಯ ಬಳಿ ಒಂದು ಬೆರಳಿನಿಂದ ತಳ್ಳಿದರೂ ಬಾಗಿಲು ತೆರೆದುಕೊಳ್ಳುತ್ತದೆ. ಅದೇ ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ತಳ್ಳಿದರೆ ಇಡೀ ಅಂಗೈಯನ್ನು ಊರಿದರೂ ಕದಲುವುದು ಕಷ್ಟ. ಬಾಗಿಲೂ ಅದೇ, ತಳ್ಳುವವರೂ ಅವರೇ. ಬದಲಾದದ್ದು ತಿರುಗಣಿಯಿಂದ ಕೈಗೆ ಇರುವ ದೂರ ಮಾತ್ರ. ಬಲವೊಂದು ವಸ್ತುವನ್ನು ಒಂದು ಬಿಂದುವಿನ ಸುತ್ತ ತಿರುಗಿಸುವ ಸಾಮರ್ಥ್ಯಕ್ಕೆ ತಿರುಗುಬಲ ಅಥವಾ ಟಾರ್ಕ್ ಎನ್ನುತ್ತಾರೆ. ಬಲವನ್ನು ದೂರದಿಂದ ಗುಣಿಸಿದರೆ ತಿರುಗುಬಲ ದೊರೆಯುತ್ತದೆ. ಅದರ ಮಾನ ನ್ಯೂಟನ್ ಮೀಟರ್. ತಿರುಗಣಿಯಿಂದ 80 ಸೆಂ.ಮೀ. ದೂರದಲ್ಲಿ 10 ನ್ಯೂಟನ್ ಬಲವನ್ನು ಹಾಕಿದರೆ 8 ನ್ಯೂಟನ್ ಮೀಟರ್ ತಿರುಗುಬಲ ಉಂಟಾಗುತ್ತದೆ. 20 ಸೆಂ.ಮೀ. ದೂರದಲ್ಲಿ ನಿಂತು ಅಷ್ಟೇ ತಿರುಗುಬಲವನ್ನು ಪಡೆಯಬೇಕಾದರೆ 40 ನ್ಯೂಟನ್ ಬಲ ಬೇಕು. ದೂರ ಕಾಲುಭಾಗವಾದರೆ ಬಲ ನಾಲ್ಕು ಪಟ್ಟು.

ಇಲ್ಲಿ ದೂರವೆಂದರೆ ತಿರುಗುವ ಬಿಂದುವಿನಿಂದ ಬಲದ ರೇಖೆಗೆ ಎಳೆದ ಲಂಬ ದೂರ. ಬಾಗಿಲಿನ ಅಂಚನ್ನು ತಿರುಗಣಿಯ ಕಡೆಗೇ ನೇರವಾಗಿ ಎಷ್ಟು ಒತ್ತಿದರೂ ಬಾಗಿಲು ತಿರುಗುವುದಿಲ್ಲ; ಬಲದ ರೇಖೆ ತಿರುಗಣಿಯ ಮೂಲಕವೇ ಹಾದುಹೋಗುವುದರಿಂದ ಅಲ್ಲಿ ಲಂಬ ದೂರ ಸೊನ್ನೆ. ಈ ಮಾತು ಮುಂದೆ ತಲೆಯ ಮೇಲಿನ ಕೊಡದ ವಿಷಯದಲ್ಲಿ ಮತ್ತೆ ಬರಲಿದೆ.

ದೇಹದೊಳಗಿನ ಸನ್ನೆಗಳು

ಸನ್ನೆಯ ನಿಯಮವನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಗ್ರೀಕ್ ಪಂಡಿತ ಆರ್ಕಿಮಿಡೀಸ್ ಗಣಿತದ ನೆಲೆಯಲ್ಲಿ ನಿರೂಪಿಸಿದ್ದನು. ಅದನ್ನು ಪ್ರಾಣಿಗಳ ಶರೀರಕ್ಕೆ ಅನ್ವಯಿಸಿ ವಿಸ್ತಾರವಾಗಿ ಲೆಕ್ಕ ಹಾಕಿದವನು ಇಟಲಿಯ ಜೊವಾನ್ನಿ ಅಲ್ಫೋನ್ಸೋ ಬೊರೆಲ್ಲಿ. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಗ್ರಂಥ 1680ರಲ್ಲಿ, ಅವನ ಮರಣಾನಂತರ, ಪ್ರಕಟವಾಗತೊಡಗಿತು. ಸ್ನಾಯುಗಳು ತಾವು ಎತ್ತುವ ಭಾರಕ್ಕಿಂತ ಹಲವು ಪಟ್ಟು ಹೆಚ್ಚಿನ ಬಲವನ್ನು ಪ್ರಯೋಗಿಸಬೇಕಾಗುತ್ತದೆ ಎಂಬುದು ಅವನು ತೋರಿಸಿಕೊಟ್ಟ ಮುಖ್ಯ ಸಂಗತಿ.

ನಮ್ಮ ಮುಂಗೈಯನ್ನೇ ತೆಗೆದುಕೊಳ್ಳೋಣ. ಮೊಣಕೈ ಕೀಲು ಬಾಗಿಲಿನ ತಿರುಗಣಿಯಿದ್ದಂತೆ. ಮುಂಗೈಯನ್ನು ಮೇಲೆತ್ತುವ ತೋಳಿನ ಸ್ನಾಯು ಆ ಕೀಲಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ ಮೂಳೆಗೆ ಅಂಟಿಕೊಂಡಿದೆ. ಅಂಗೈ ಇರುವುದು ಸುಮಾರು 32 ಸೆಂ.ಮೀ. ದೂರದಲ್ಲಿ. ಮುಂಗೈಯನ್ನು ನೆಲಕ್ಕೆ ಸಮಾಂತರವಾಗಿ ಚಾಚಿ ಅಂಗೈಯಲ್ಲಿ 5 ಕೆ.ಜಿ. ಭಾರವನ್ನು ಹಿಡಿದರೆ, ಭಾರದ ದೂರ ಸ್ನಾಯುವಿನ ದೂರದ ಎಂಟು ಪಟ್ಟು ಇರುವುದರಿಂದ, ಸ್ನಾಯು 40 ಕೆ.ಜಿ. ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು. ಇದರಲ್ಲಿ ಮುಂಗೈಯ ತೂಕವನ್ನು ಇನ್ನೂ ಸೇರಿಸಿಲ್ಲ.

ದೇಹದ ರಚನೆ ಹೀಗೇಕೆ ಎಂದು ಕೇಳಬಹುದು. ಬಲದಲ್ಲಿ ಆದ ನಷ್ಟಕ್ಕೆ ಚಲನೆಯಲ್ಲಿ ಲಾಭವಿದೆ. ಸ್ನಾಯು ಒಂದು ಸೆಂ.ಮೀ. ಕುಗ್ಗಿದರೆ ಅಂಗೈ ಎಂಟು ಸೆಂ.ಮೀ. ಮೇಲೇಳುತ್ತದೆ. ಬೇಗ ಕೈಯೆತ್ತಲು, ಕಲ್ಲೆಸೆಯಲು, ತುತ್ತನ್ನು ಬಾಯಿಗೊಯ್ಯಲು ಈ ರಚನೆಯೇ ಅನುಕೂಲ. ಆದರೆ ಭಾರ ಎತ್ತುವಾಗ ಈ ಲಾಭಕ್ಕೆ ನಾವು ಬೆಲೆ ತೆರಬೇಕಾಗುತ್ತದೆ.

ಬೆನ್ನಿನ ಲೆಕ್ಕ

ಬೆನ್ನುಮೂಳೆ ಒಂದರ ಮೇಲೊಂದು ಜೋಡಿಸಿದ ಕಶೇರುಗಳಿಂದ ಆಗಿದೆ. ಅವುಗಳ ನಡುವೆ ಮೆತ್ತೆಯಂತಹ ಡಿಸ್ಕ್‌ಗಳಿವೆ. ನಾವು ಮುಂದಕ್ಕೆ ಬಾಗಿದಾಗ ಸೊಂಟದ ಕೆಳಭಾಗದ ಡಿಸ್ಕ್ ತಿರುಗಣಿಯಂತೆ ವರ್ತಿಸುತ್ತದೆ. ಮುಂದಿನ ಭಾರ ದೇಹವನ್ನು ಮುಂದಕ್ಕೆ ಮಗುಚಲು ನೋಡುತ್ತದೆ. ಬೆನ್ನಿನ ಹಿಂಬದಿಯ ಸ್ನಾಯುಗಳು ಹಿಂದಕ್ಕೆ ಎಳೆದು ಅದನ್ನು ತಡೆಯುತ್ತವೆ. ಈ ಸ್ನಾಯುಗಳು ಡಿಸ್ಕ್‌ನ ಮಧ್ಯದಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಮಾತ್ರ ಇವೆ. ಅವುಗಳ ಎಳೆತವೆಲ್ಲ ಕೊನೆಗೆ ಡಿಸ್ಕ್‌ನ ಮೇಲೆಯೇ ಒತ್ತಡವಾಗಿ ಬೀಳುತ್ತದೆ.

60 ಕೆ.ಜಿ. ತೂಕದ ವ್ಯಕ್ತಿಯೊಬ್ಬರು 20 ಕೆ.ಜಿ. ಭಾರವನ್ನು ಎತ್ತುತ್ತಾರೆಂದು ಭಾವಿಸೋಣ. ಅವರ ಸೊಂಟದ ಮೇಲಿನ ಭಾಗದ ತೂಕ 35 ಕೆ.ಜಿ. ಎಂದಿಟ್ಟುಕೊಳ್ಳೋಣ. ಇದು ಸ್ಥೂಲ ಲೆಕ್ಕ. ಆದರೆ ದಾರಿ ತೋರಲು ಸಾಕು.

ಮೊದಲು, ನೆಟ್ಟಗೆ ನಿಂತು ಭಾರವನ್ನು ಮೈಗೆ ಅವುಚಿಕೊಂಡಾಗ. ಭಾರವು ಡಿಸ್ಕ್‌ನಿಂದ 25 ಸೆಂ.ಮೀ. ಮುಂದಿರುತ್ತದೆ. 200 ನ್ಯೂಟನ್ನನ್ನು ಕಾಲು ಮೀಟರಿನಿಂದ ಗುಣಿಸಿದರೆ 50 ನ್ಯೂಟನ್ ಮೀಟರ್. ಮೇಲ್ಮೈಯ ತೂಕ ಬೆನ್ನುಮೂಳೆಯ ಹತ್ತಿರವೇ ಇರುವುದರಿಂದ ಅದರಿಂದ ಸೇರುವುದು ಸುಮಾರು 7 ಮಾತ್ರ. ಒಟ್ಟು 57. ಇದನ್ನು ತಡೆಯಲು ಸ್ನಾಯುಗಳಿಗೆ ಬೇಕಾದ ಬಲ 1140 ನ್ಯೂಟನ್. ಭಾರವನ್ನೂ ಮೇಲ್ಮೈಯ ತೂಕವನ್ನೂ ಕೂಡಿಸಿದರೆ ಡಿಸ್ಕ್‌ನ ಮೇಲೆ ಬೀಳುವುದು ಸುಮಾರು 1700 ನ್ಯೂಟನ್.

ಈಗ, ಮಂಡಿ ಮಡಿಸದೆ ಸೊಂಟದಿಂದ ಪೂರ್ತಿ ಬಾಗಿ, 60 ಸೆಂ.ಮೀ. ದೂರದಲ್ಲಿರುವ ಅದೇ ಭಾರವನ್ನು ಎತ್ತುವಾಗ. ಭಾರದ ತಿರುಗುಬಲ 120 ನ್ಯೂಟನ್ ಮೀಟರ್. ಬಾಗಿದ ಮೇಲ್ಮೈಯ ತೂಕವೂ ಸುಮಾರು 25 ಸೆಂ.ಮೀ. ಮುಂದಕ್ಕೆ ಹೋಗಿರುತ್ತದೆ, ಅದರಿಂದ ಇನ್ನೂ 87. ಒಟ್ಟು 207. ಸ್ನಾಯುಗಳು ಪ್ರಯೋಗಿಸಬೇಕಾದ ಬಲವೇ 4100 ನ್ಯೂಟನ್ನನ್ನು ಮೀರುತ್ತದೆ, ಎಂದರೆ 400 ಕೆ.ಜಿ.ಗೂ ಮಿಗಿಲಾದ ತೂಕಕ್ಕೆ ಸಮ. ಕೈಯಲ್ಲಿರುವುದು ಮಾತ್ರ ಅದೇ 20 ಕೆ.ಜಿ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕೈಯಲ್ಲಿ ಏನೂ ಇಲ್ಲದೆ ಬಾಗಿದರೂ ಮೇಲ್ಮೈಯ ತೂಕವೊಂದರಿಂದಲೇ ಸ್ನಾಯುಗಳು 1750 ನ್ಯೂಟನ್ ಬಲವನ್ನು ಹಾಕಬೇಕು. ಎಂದರೆ, ನೆಲದ ಮೇಲಿನ ಹೂವೊಂದನ್ನು ಎತ್ತಲು ಪೂರ್ತಿ ಬಾಗುವುದೂ, ನೆಟ್ಟಗೆ ನಿಂತು 20 ಕೆ.ಜಿ. ಭಾರವನ್ನು ಮೈಗೆ ಅವುಚಿಕೊಳ್ಳುವುದೂ ಡಿಸ್ಕ್‌ನ ಪಾಲಿಗೆ ಹೆಚ್ಚುಕಡಿಮೆ ಒಂದೇ. ನನ್ನ ಬೋಗುಣಿಯ ರಹಸ್ಯವೂ ಇಲ್ಲಿಯೇ ಇದೆ. ಬೆನ್ನಿನ ಮೇಲೆ ಬಿದ್ದದ್ದು ಬರಿಯ ಬೋಗುಣಿಯ ಭಾರವಲ್ಲ. ಮುಂದಕ್ಕೆ ಚಾಚಿದ ನನ್ನ ದೇಹದ ಭಾರವೂ ಅದರೊಂದಿಗೆ ಸೇರಿತ್ತು.

ಅಳೆದು ನೋಡಿದವರು

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ ಅವರು 1960ರ ದಶಕದಲ್ಲಿ ಸೂಜಿಯ ಮೂಲಕ ಜೀವಂತ ಮನುಷ್ಯರ ಡಿಸ್ಕ್‌ನೊಳಗಿನ ಒತ್ತಡವನ್ನು ಅಳೆದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಅವರ ಸಂಗಡಿಗರು ಸ್ವಯಂಸೇವಕರೊಬ್ಬರ ಸೊಂಟದ ಡಿಸ್ಕ್‌ನಲ್ಲಿ ಒತ್ತಡಮಾಪಕವನ್ನಿರಿಸಿ ಅವರ ದಿನನಿತ್ಯದ ಚಲನೆಗಳಲ್ಲಿ ಒತ್ತಡ ಹೇಗೆ ಬದಲಾಗುತ್ತದೆ ಎಂದು ದಾಖಲಿಸಿದರು. ಮಲಗಿದಾಗ ಅದು 0.1 ಮೆಗಾಪ್ಯಾಸ್ಕಲ್, ನಿಂತಾಗ 0.5. ಬರಿಗೈಯಲ್ಲಿ ಮುಂದಕ್ಕೆ ಬಾಗಿ ನಿಂತಾಗ 1.1. 20 ಕೆ.ಜಿ. ಭಾರವನ್ನು ಮೈಗೆ ಅವುಚಿ ಹಿಡಿದಾಗಲೂ ಅದೇ 1.1. ಆ ಭಾರವನ್ನು ಮಂಡಿ ಮಡಿಸಿ ಎತ್ತಿದಾಗ 1.7, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಎತ್ತಿದಾಗ 2.3. ಒಬ್ಬ ವ್ಯಕ್ತಿಯ ಅಳತೆಯೆಂಬುದನ್ನು ಮರೆಯಬಾರದು. ಆದರೂ ಸನ್ನೆಯ ಲೆಕ್ಕ ಹೇಳಿದ್ದನ್ನೇ ಮಾಪಕವೂ ಹೇಳಿತು.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಭಾರ ಎತ್ತುವ ಸೂತ್ರದಲ್ಲಿಯೂ ಇದೇ ತತ್ತ್ವವಿದೆ. ಎಲ್ಲವೂ ಅನುಕೂಲವಾಗಿದ್ದು, ಭಾರ ಹಿಡಿದ ಕೈಗಳು ಪಾದದ ಗಂಟಿನಿಂದ 25 ಸೆಂ.ಮೀ.ಗಿಂತ ಮುಂದಿಲ್ಲದಾಗ ಎತ್ತಬಹುದಾದ ಭಾರ 23 ಕೆ.ಜಿ. ಕೈಗಳು 50 ಸೆಂ.ಮೀ. ಮುಂದಿದ್ದರೆ ಅದು ಅರ್ಧಕ್ಕೆ, ಎಂದರೆ 11.5 ಕೆ.ಜಿ.ಗೆ ಇಳಿಯುತ್ತದೆ. 63 ಸೆಂ.ಮೀ. ಮೀರಿದರೆ ಆ ಸೂತ್ರ ಯಾವ ಭಾರಕ್ಕೂ ಅನುಮತಿ ಕೊಡುವುದಿಲ್ಲ. ನಮ್ಮಲ್ಲಿ ಸಿಮೆಂಟಿನ ಒಂದು ಚೀಲವೇ 50 ಕೆ.ಜಿ. ಎಂಬುದನ್ನು ನೆನೆದರೆ ಕೂಲಿ ಮಾಡುವ ಬಂಧುಗಳ ಬೆನ್ನು ದಿನವೂ ಏನನ್ನು ಸಹಿಸುತ್ತಿದೆ ಎಂಬುದು ತಿಳಿಯುತ್ತದೆ.

ದಿನನಿತ್ಯದ ಕೆಲಸಗಳಲ್ಲಿ

ಭಾರವನ್ನು ಕಡಿಮೆ ಮಾಡುವುದು ಎಲ್ಲ ಸಲವೂ ನಮ್ಮ ಕೈಯಲ್ಲಿಲ್ಲ. ದೂರವನ್ನು ಕಡಿಮೆ ಮಾಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಎತ್ತುವ ಮೊದಲು ವಸ್ತುವಿನ ಹತ್ತಿರಕ್ಕೆ ಹೋಗಬೇಕು. ಕಟ್ಟೆಯ ಆಚೆ ಇರುವುದನ್ನು ಮೊದಲು ಈಚೆಗೆ ಎಳೆದುಕೊಂಡು ಅನಂತರ ಎತ್ತಬೇಕು. ಪಾದಗಳನ್ನು ಅಗಲಿಸಿ, ಮಂಡಿಯನ್ನು ಮಡಿಸಿ, ಭಾರವನ್ನು ಎರಡು ಮಂಡಿಗಳ ನಡುವೆ ತಂದುಕೊಂಡು ಎದ್ದೇಳಬೇಕು. ಮಂಡಿ ಮಡಿಸಿದರೆ ಸಾಕೆಂದು ತಿಳಿಯಬಾರದು. ಅಗಲವಾದ ಪೆಟ್ಟಿಗೆಯನ್ನು ಮಂಡಿಗಳ ಮುಂದೆ ಇರಿಸಿಕೊಂಡು ಎತ್ತಿದರೆ ಭಾರ ದೂರದಲ್ಲಿಯೇ ಉಳಿಯುವುದರಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ. ಅಂತಹದನ್ನು ಇಬ್ಬರು ಸೇರಿ ಎತ್ತುವುದು ಲೇಸು. ಎತ್ತಿದ ಮೇಲೆ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು.

ಕಸ ಗುಡಿಸುವ ಮೋಟು ಪೊರಕೆ ತೂಕದಲ್ಲಿ ಏನೂ ಅಲ್ಲ. ಆದರೆ ಅದು ನಮ್ಮ ತಾಯಂದಿರನ್ನು ಅರ್ಧ ಗಂಟೆ ಬಾಗಿಸಿ ಇಡುತ್ತದೆ. ಅಷ್ಟು ಹೊತ್ತೂ ಬೆನ್ನಿನ ಸ್ನಾಯುಗಳು ಮೇಲ್ಮೈಯ ಭಾರವನ್ನು ಹಿಡಿದಿರಬೇಕು. ಪೊರಕೆಗೆ ಉದ್ದನೆಯ ಕೋಲನ್ನು ಕಟ್ಟಿಕೊಂಡರೆ ಖರ್ಚು ಅತ್ಯಲ್ಪ, ಉಪಕಾರ ಬಹಳ. ನೆಲ ಒರೆಸುವುದಕ್ಕೂ ಇದೇ ಮಾತು. ಭತ್ತದ ನಾಟಿಯಂತಹ ಬಾಗದೆ ಆಗದ ಕೆಲಸಗಳಲ್ಲಿ ಆಗಾಗ ನೆಟ್ಟಗಾಗಿ ನಿಂತು ಬೆನ್ನಿಗೆ ಬಿಡುವು ಕೊಡಬೇಕು.

ತಲೆಯ ಮೇಲೆ ಸಿಂಬಿಯಿಟ್ಟು ಕೊಡ ಹೊರುವವರನ್ನು ನೋಡಿ. ಭಾರದ ರೇಖೆ ಬೆನ್ನುಮೂಳೆಯ ಮೂಲಕವೇ ಇಳಿಯುವುದರಿಂದ ಸೊಂಟದ ಬಳಿ ತಿರುಗುಬಲ ಬಹಳ ಕಡಿಮೆ. ಕುತ್ತಿಗೆಗೆ ಮಾತ್ರ ಪೂರ್ಣ ಭಾರ ಬೀಳುತ್ತದೆ; ಆದ್ದರಿಂದ ಕುತ್ತಿಗೆ ನೋವಿರುವವರಿಗೆ ಇದು ಸಲ್ಲದು. ಒಂದೇ ಕೈಯಲ್ಲಿ ತುಂಬಿದ ಬಕೆಟ್ ಹಿಡಿದರೆ ದೇಹ ಆ ಬದಿಗೆ ವಾಲುತ್ತದೆ, ಇನ್ನೊಂದು ಬದಿಯ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ. ಎರಡು ಕೈಗಳಲ್ಲಿ ಎರಡು ಅರ್ಧ ಬಕೆಟ್‌ಗಳನ್ನು ಹಿಡಿದರೆ ಎರಡೂ ಬದಿಯ ತಿರುಗುಬಲಗಳು ಒಂದನ್ನೊಂದು ಸರಿದೂಗಿಸುತ್ತವೆ. ಹಿರಿಯರ ಕಾವಡಿಯ ಜಾಣ್ಮೆ ಇದೇ.

ಊರುಗೋಲು ಯಾವ ಕೈಯಲ್ಲಿರಬೇಕು?

ಸೊಂಟದ ಕೀಲು ನೋಯುವ ಹಿರಿಯರಲ್ಲಿ ಹಲವರು ನೋವಿರುವ ಬದಿಯ ಕೈಯಲ್ಲಿಯೇ ಕೋಲನ್ನು ಹಿಡಿಯುತ್ತಾರೆ. ಅದು ಸಹಜವೆಂದು ತೋರಿದರೂ ಸರಿಯಲ್ಲ. ಜರ್ಮನಿಯ ಮೂಳೆತಜ್ಞ ಫ್ರೀಡ್ರಿಕ್ ಪಾವೆಲ್ಸ್ ಅವರು ಸೊಂಟದ ಕೀಲಿನ ಸನ್ನೆಯನ್ನು ವಿಶದವಾಗಿ ಅಧ್ಯಯನ ಮಾಡಿದವರು. 1956ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಬ್ಲೌಂಟ್ ಅವರು ಕೋಲನ್ನು ಕಡೆಗಣಿಸಬೇಡಿರೆಂದು ಒಂದು ಪ್ರಸಿದ್ಧ ಲೇಖನವನ್ನೇ ಬರೆದರು.

ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಹೊತ್ತು ಒಂದೇ ಕಾಲಿನ ಮೇಲೆ ನಿಂತಿರುತ್ತೇವೆ. 60 ಕೆ.ಜಿ. ತೂಕದವರಲ್ಲಿ ಆಗ ಸೊಂಟದ ಕೀಲು ಹೊರಬೇಕಾದ ದೇಹದ ಭಾರ ಸುಮಾರು 50 ಕೆ.ಜಿ. ಅದು ಕೀಲಿನಿಂದ ಸುಮಾರು 10 ಸೆಂ.ಮೀ. ಒಳಬದಿಗಿದೆ. ಅದನ್ನು ಸರಿದೂಗಿಸುವ ಹೊರಬದಿಯ ಸ್ನಾಯು 5 ಸೆಂ.ಮೀ. ದೂರದಲ್ಲಿದೆ. ಆದ್ದರಿಂದ ಸ್ನಾಯು 1000 ನ್ಯೂಟನ್ ಎಳೆಯಬೇಕು. ದೇಹದ 500 ನ್ಯೂಟನ್ ಕೂಡಿ ಕೀಲಿನ ಮೇಲೆ 1500 ನ್ಯೂಟನ್ ಬೀಳುತ್ತದೆ. ನೋವಿಲ್ಲದ ಬದಿಯ ಕೈಯಲ್ಲಿ ಕೋಲು ಹಿಡಿದರೆ ಅದು ಆ ಕೀಲಿನಿಂದ ಸುಮಾರು 45 ಸೆಂ.ಮೀ. ದೂರದಲ್ಲಿರುತ್ತದೆ. ಅಷ್ಟು ದೂರದಲ್ಲಿ 5 ಕೆ.ಜಿ.ಯಷ್ಟು ಒತ್ತಿದರೂ ಸಾಕು, ಸ್ನಾಯುವಿನ ಹೊರೆ 550 ನ್ಯೂಟನ್ನಿಗೆ ಇಳಿದು ಕೀಲಿನ ಭಾರ ಸುಮಾರು 1000 ನ್ಯೂಟನ್ ಆಗುತ್ತದೆ. ಮೂರನೆಯ ಒಂದು ಪಾಲು ಭಾರ ಇಳಿಯಿತು. ನೋವಿನ ಬದಿಯಲ್ಲಿಯೇ ಹಿಡಿದರೆ ಕೋಲು ಕೀಲಿಗೆ ಸಮೀಪವಾಗಿ ಈ ಲಾಭ ದೊರೆಯುವುದಿಲ್ಲ.

ಆದ್ದರಿಂದ ಕೋಲು ನೋವಿಲ್ಲದ ಬದಿಯ ಕೈಯಲ್ಲಿರಲಿ, ನೋವಿರುವ ಕಾಲಿನೊಂದಿಗೆ ಮುಂದೆ ಹೋಗಲಿ. ನೆಟ್ಟಗೆ ನಿಂತು ಕೈಯನ್ನು ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಡಿಕೆಯ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿರುವ ಕಾಲು ಮೊದಲು.

ದೂರವನ್ನು ಹೆಚ್ಚಿಸಬೇಕಾದ ಕಡೆ

ಹೊರುವ ಭಾರದ ದೂರ ಶತ್ರುವಾದರೆ, ನಾವು ಹಾಕುವ ಬಲದ ದೂರ ಮಿತ್ರ. ಹಾರೆ ಉದ್ದವಾದಷ್ಟೂ ಕಲ್ಲು ಸುಲಭವಾಗಿ ಮೇಲೇಳುತ್ತದೆ. ಬೀಸುಕಲ್ಲಿನ ಗೂಟ ಅಂಚಿನಲ್ಲಿರುವುದೂ ಇದಕ್ಕಾಗಿಯೇ. ಬೆರಳುಗಳ ಸಂಧಿವಾತವಿರುವವರ ಮನೆಯಲ್ಲಿ ಗುಂಡು ತಿರುಪಿನ ನಲ್ಲಿಯ ಬದಲು ಉದ್ದ ಹಿಡಿಯ ನಲ್ಲಿಯನ್ನು ಹಾಕಿಸಿದರೆ ಅವರ ಬೆರಳುಗಳಿಗೆ ನೆಮ್ಮದಿ.

ಹಾಸಿಗೆ ಹಿಡಿದ ಹಿರಿಯರ ಸೇವೆ ಮಾಡುವವರಿಗೆ ಇದು ಬಹಳ ಉಪಯುಕ್ತ. ಅವರ ಬೆನ್ನಿನಡಿ ಕೈಹಾಕಿ ಎತ್ತಲು ಹೋದರೆ ಸೇವೆ ಮಾಡುವವರ ಬೆನ್ನೇ ಹೋಗುತ್ತದೆ. ಮಗ್ಗುಲು ಬದಲಿಸಬೇಕಾದಾಗ ಆಚೆ ಬದಿಯ ಮಂಡಿಯನ್ನು ಮಡಿಸಿ ನಿಲ್ಲಿಸಿ, ಒಂದು ಕೈಯನ್ನು ಆ ಮಂಡಿಯ ಮೇಲೂ ಇನ್ನೊಂದನ್ನು ಆಚೆಯ ಭುಜದ ಮೇಲೂ ಇರಿಸಿ ನಿಧಾನವಾಗಿ ನಮ್ಮ ಕಡೆಗೆ ತರಬೇಕು. ಎತ್ತರಕ್ಕೆ ನಿಂತ ಮಂಡಿಯೇ ಸನ್ನೆಯಾಗಿ, ಅಲ್ಪ ಬಲಕ್ಕೆ ಇಡೀ ದೇಹ ಹೊರಳುತ್ತದೆ. ಮೇಲಕ್ಕೆ ಸರಿಸಬೇಕಾದರೆ ಇಬ್ಬರು ಎರಡು ಬದಿಯಲ್ಲಿ ನಿಂತು, ಅಡಿಯಲ್ಲಿ ಹಾಸಿದ ದುಪ್ಪಟಿಯನ್ನು ಹಿಡಿದು ಸರಿಸುವುದು ಕ್ಷೇಮ.

ವೈದ್ಯರನ್ನು ಕಾಣಬೇಕಾದಾಗ

ಬೆನ್ನುನೋವಿಗೆ ಕಾರಣಗಳು ಹಲವು. ತಿರುಗುಬಲ ಅವುಗಳಲ್ಲಿ ಒಂದು. ಈ ಲೆಕ್ಕವನ್ನು ಓದಿ ಬಾಗುವುದಕ್ಕೇ ಹೆದರಬಾರದು. ಬೆನ್ನು ಗಟ್ಟಿಯಾದ ಅಂಗ. ಕ್ರಮವಾಗಿ ದುಡಿಸಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಹೆಚ್ಚಿನ ಬೆನ್ನುನೋವುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಶಮನಗೊಳ್ಳುತ್ತವೆ. ದಿನಗಟ್ಟಲೆ ಮಲಗಿರುವುದಕ್ಕಿಂತ ಆದಷ್ಟು ಮಟ್ಟಿಗೆ ಓಡಾಡಿಕೊಂಡಿರುವುದೇ ಒಳ್ಳೆಯದೆಂದು ಇಂದಿನ ವೈದ್ಯರು ಹೇಳುತ್ತಾರೆ.

ಆದರೆ ಮಲಮೂತ್ರಗಳ ಮೇಲಿನ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಗಳ ಒಳಭಾಗ ಮತ್ತು ಆಸನದ ಸುತ್ತ ಜೋಮು ಹಿಡಿದರೆ, ಅಥವಾ ಕಾಲಿನ ಬಲ ಕುಗ್ಗುತ್ತಾ ಹೋದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಶಾಶ್ವತ ಹಾನಿಯಾಗಬಹುದು. ಜ್ವರ, ಕಾರಣವಿಲ್ಲದ ತೂಕದ ಇಳಿತ, ಬಿದ್ದ ನಂತರದ ತೀವ್ರ ನೋವು, ಹಿಂದೆ ಕ್ಯಾನ್ಸರ್ ಬಂದಿದ್ದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಬೆನ್ನುನೋವು ಇವುಗಳನ್ನೂ ಅಲಕ್ಷಿಸಬಾರದು.

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಅದನ್ನು ಜೋಪಾನ ಮಾಡುವುದೂ ಕಾಯಕದ ಒಂದು ಭಾಗ. ನಾನು ಈಗಲೂ ದಾಸೋಹದ ಅಡುಗೆಮನೆಗೆ ಹೋಗುತ್ತೇನೆ, ಪಾತ್ರೆಗಳನ್ನು ಎತ್ತುತ್ತೇನೆ. ಒಂದೇ ವ್ಯತ್ಯಾಸವೆಂದರೆ, ಕೈ ಚಾಚುವ ಮೊದಲು ಎರಡು ಹೆಜ್ಜೆ ಮುಂದೆ ನಡೆದು ಪಾತ್ರೆಯ ಬಳಿಗೆ ಹೋಗುತ್ತೇನೆ. ತಾವೂ ಹಾಗೆಯೇ ಮಾಡಿರೆಂದು ವಿನಂತಿ.